ಮಿಸ್ ಟಾಲಿವರ್ ಹಾಡಿದ ಸಂಜೆ

ಡನ್ ಲಿಯರಿ
ಭಾನುವಾರ, ೧೯ ಏಪ್ರಿಲ್ ೨೦೨೦

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ದಯವಿಟ್ಟು ಇದಕ್ಕೆ ‘ಗ್ರಾಂಡ್’ ಎಂಬ ಒಂದೇ ಮಾತಿನ ಉತ್ತರ ಕಳಿಸಬೇಡಿ. ಹನ್ನೆರಡು ವರ್ಷ ಈ ದೇಶದಲ್ಲಿದ್ದು ನೀವು ಪೂರ್ತಿಯಾಗಿ ಕಲಿತ ಐರಿಷ್ ವಿದ್ಯೆ ಅದೊಂದೇ. ಹಲ್ಲು ನೋವಿಗೂ ಗ್ರಾಂಡ್, ಹೋದ ಚಳಿಗಾಲ ಕಾರು ಜಾರಿ ಬೇಲಿಗೆ ಗುದ್ದಿದಾಗಲೂ ಗ್ರಾಂಡ್. ನನಗೆ ಅಂಕಿಗಳು ಬೇಕು. ಜ್ವರ ಎಷ್ಟು, ಆಕ್ಸಿಜನ್ ಎಷ್ಟು, ನಿದ್ದೆ ಎಷ್ಟು ಗಂಟೆ. ಮಾಸ್ಕಿನಿಂದ ಮೂಗಿನ ಮೇಲಾದ ಗಾಯ ಒಣಗಿತೇ? ಅಮ್ಮ ಮೈಸೂರಿನಿಂದ ದಿನಕ್ಕೆರಡು ಸಲ ಕರೆ ಮಾಡಿ, “ನಿಮ್ಮಪ್ಪ ಅನ್ನ ಮಾಡ್ಕೋತಾರೇನೇ, ಇಲ್ಲ ಸ್ಲೈಗೋದಲ್ಲಿ ಬ್ರೆಡ್ಡಲ್ಲೇ ಕಾಲ ಹಾಕ್ತಿದಾರಾ?” ಎಂದು ಕೇಳುತ್ತಾಳೆ. “ಮಾಡ್ಕೋತಾರಮ್ಮ, ಸಾರೂ ಮಾಡ್ತಾರೆ” ಎನ್ನುತ್ತೇನೆ. ಫೆಬ್ರವರಿಯಲ್ಲಿ ಮದುವೆಗೆಂದು ಹೋದವಳು ವಿಮಾನಗಳು ನಿಂತು ಅಲ್ಲೇ ಸಿಕ್ಕಿಕೊಂಡದ್ದು ಒಂದು ರೀತಿಯಲ್ಲಿ ಒಳ್ಳೆಯದಾಯಿತು. ಎದುರಿಗೆ ಕೂತಿದ್ದರೆ ನನ್ನ ಮುಖ ನೋಡಿಯೇ ಎಲ್ಲ ಕಂಡುಹಿಡಿದುಬಿಡುತ್ತಿದ್ದಳು. ಈ ಕಾಗದದ ವಿಷಯ ಸದ್ಯಕ್ಕೆ ಅವಳಿಗೆ ಬೇಡ.

ಇದನ್ನು ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ. ಮೊದಲ ಸಲ ನಿಮ್ಮನ್ನು ವಾರ್ಡಿಗೆ ಕರೆದರು. ಎರಡನೆಯ ಸಲ, ಹೋದ ಮಂಗಳವಾರ, ಅರ್ಧ ಹೇಳುವಷ್ಟರಲ್ಲಿ ನೀವು ದನಿ ತಗ್ಗಿಸಿ, “ಸುಮ್ನಿರಮ್ಮ. ಅದನ್ನ ಯಾರೂ ಪ್ರೂವ್ ಮಾಡಕ್ಕಾಗಲ್ಲ. ಬರೆದು ಮಾತ್ರ ಏನೂ ಕೊಡಬೇಡ” ಎಂದಿರಿ. ಆ ದನಿ ನನಗೆ ಗೊತ್ತು. ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿಯನ್ನು ಮುಂದೂಡುವಾಗ ನೀವು ತೆಗೆಯುವ ದನಿ. ಕಾಗದಕ್ಕೆ ಮಧ್ಯೆ ಬಾಯಿ ಹಾಕಲು ನಿಮಗಾಗುವುದಿಲ್ಲ, ಅದಕ್ಕೇ ಕಾಗದ. ಉಳಿದ ಅರ್ಧವನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಇರುತ್ತದೋ ಇಲ್ಲವೋ. ವೃದ್ಧರನ್ನು ನೋಡಿಕೊಳ್ಳುವ ನಮ್ಮ ಕೇರ್ ಹೋಮಿಗೆ ಕೊರೊನಾ ತಂದವಳು ನನ್ನ ಜೊತೆ ಕೆಲಸ ಮಾಡುವ ರಜನಿ ಎಂದು ಅವಳನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಹಾಗೆ ನಂಬಲು ಅವರಿಗೆ ಕಾರಣ ಒದಗಿಸಿದ್ದು ನಾನು ಬರೆದ ಒಂದು ಪುಟದ ಕರಪತ್ರ. ತಂದವಳು ಅವಳಲ್ಲ, ನಾನು ಎಂದು ಈಗ ನನಗೆ ಬಹುಮಟ್ಟಿಗೆ ಖಾತ್ರಿಯಾಗಿದೆ.

ಬರೆದೆ. ಭಯ ಎಂದರೇನು ಎಂದು ಈ ಮೂರು ವಾರದಲ್ಲಿ ನನಗೆ ಹೊಸದಾಗಿ ತಿಳಿಯಿತು. ಮೆರವಣಿಗೆಯಲ್ಲಿ ಪೊಲೀಸರ ಎದುರು ನಿಂತಾಗ ಆಗುವುದು ಭಯವಲ್ಲ, ಅದರಲ್ಲಿ ಅರ್ಧ ಖುಷಿಯೇ. ಬೆಳಿಗ್ಗೆ ಹೋಮಿನ ಬಾಗಿಲಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದು ಅದು ಪೀಪ್ ಎನ್ನುವವರೆಗಿನ ಎರಡು ಕ್ಷಣ ಇದೆಯಲ್ಲ, ಅದು ಭಯ. ಊಟದ ಹಾಲಿನಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ಸರಿಸಿದ್ದಾರೆ. ಹೆಸರು ಬರೆದ ಟೀ ಕಪ್ಪುಗಳು ಕಪಾಟಿನಲ್ಲಿವೆ; ಅವುಗಳಲ್ಲಿ ನಾಲ್ಕನ್ನು ಈಗ ಯಾರೂ ಮುಟ್ಟುವುದಿಲ್ಲ. ಆ ನಾಲ್ವರಲ್ಲಿ ಒಬ್ಬರು ನಿವೃತ್ತ ಮೇಷ್ಟರು, ನನ್ನ ಕರಪತ್ರಗಳ ಕಾಮಾಗಳನ್ನು ಪೆನ್ಸಿಲಿನಲ್ಲಿ ತಿದ್ದಿಕೊಡುತ್ತಿದ್ದವರು. ಕೊನೆಯ ದಿನ ಅವರ ಮಗಳು ಕಿಟಕಿಯ ಹೊರಗೆ ನಿಂತು ಗಾಜಿಗೆ ಅಂಗೈ ಒತ್ತಿದ್ದಳು. ನಾನು ಒಳಗಿನಿಂದ ಅವರ ಕೈಯನ್ನು ಎತ್ತಿ ಹಿಡಿದುಕೊಂಡಿದ್ದೆ. ಕೆಲಸ ಮುಗಿಸಿ ನಡೆದು ಬರುವಾಗ ಸಮುದ್ರದ ಪಕ್ಕದಲ್ಲಿ ರೈಲು ಖಾಲಿ ಓಡುತ್ತಿರುತ್ತದೆ. ಹೋಮೂ ನನ್ನ ರೂಮೂ ಲಾಕ್‌ಡೌನಿನ ಎರಡು ಕಿಲೋಮೀಟರಿನ ಮಿತಿಯೊಳಗೇ ಇರುವುದರಿಂದ ಪೊಲೀಸರು ನನ್ನನ್ನು ತಡೆಯುವುದಿಲ್ಲ. ಯಾರಾದರೂ ತಡೆದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಮಿಸ್ ಟಾಲಿವರ್ ಬಗ್ಗೆ ನಿಮಗೆ ಜನವರಿಯಲ್ಲೇ ಹೇಳಿದ್ದೆ, ನೀವು ಟಿವಿ ನೋಡುತ್ತಾ ಹೂಂಗುಟ್ಟಿದ್ದಿರಿ. ಈಗ ಸರಿಯಾಗಿ ಕೇಳಿ. ಇಯೋಲಾ ಟಾಲಿವರ್, ತೊಂಬತ್ತಮೂರು ವರ್ಷ, ಅಮೆರಿಕದ ಜಾರ್ಜಿಯಾದ ಕಪ್ಪು ಜನರ ಕುಟುಂಬದವರು. ತಾಯಿ ಬಿಳಿಯರ ಮನೆಗಳ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುತ್ತಿದ್ದರು. ಬಟ್ಟೆಗಂಟು ತಲುಪಿಸಲು ಹೋದ ಮನೆಯೊಂದರ ಹಿತ್ತಿಲಲ್ಲಿ ನಿಂತು, ಒಳಗಿನ ಗ್ರಾಮಫೋನಿನಿಂದ ಬರುತ್ತಿದ್ದ ಜರ್ಮನ್ ಹಾಡೊಂದನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡಿಕೊಂಡರಂತೆ, ಎಂಟನೆಯ ವಯಸ್ಸಿನಲ್ಲಿ. ಅಲ್ಲಿಂದ ಚರ್ಚಿನ ಹಾಡುಗಾರಿಕೆ, ಕಪ್ಪು ಜನರ ಕಾಲೇಜು, ಯುರೋಪಿನ ಯುದ್ಧದಿಂದ ಓಡಿಬಂದಿದ್ದ ಒಬ್ಬ ಸಂಗೀತದ ಮೇಡಂ ಬಳಿ ಆರು ವರ್ಷದ ಪಾಠ. ನ್ಯೂಯಾರ್ಕಿನಲ್ಲಿ ಹಾಡಿಸಿ ಕೇಳಿದವರೆಲ್ಲ “ಕಂಠ ಅದ್ಭುತ, ಆದರೆ” ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದರಂತೆ. ಚರ್ಚಿನ ಹಾಡುಗಳನ್ನಷ್ಟೇ ಹಾಡು, ಜನ ನಿನ್ನಿಂದ ಬಯಸುವುದು ಅದನ್ನೇ ಎಂದು ಏಜೆಂಟರು ಹೇಳಿದರೆ ಇವರು ಕಛೇರಿಯ ಮೊದಲರ್ಧ ಪೂರ್ತಿ ಜರ್ಮನ್, ಫ್ರೆಂಚ್ ಹಾಡುಗಳನ್ನೇ ಇಡುತ್ತಿದ್ದರು. ಅವರು ನಿಂತು ಹಾಡಿದ ಎಷ್ಟೋ ವೇದಿಕೆಗಳನ್ನು ಅವರಿಗಿಂತ ಮುಂಚೆ ಅವರ ಬಣ್ಣದವರು ಕಸ ಗುಡಿಸಲು ಮಾತ್ರ ಹತ್ತಿದ್ದರು. ೧೯೫೭ರಲ್ಲಿ ಡಬ್ಲಿನ್ನಿನಲ್ಲಿ ಹಾಡಲೆಂದು ಬಂದು, ನಮ್ಮ ಈ ಬಂದರಿನಲ್ಲೇ ಟಪಾಲು ಹಡಗಿನಿಂದ ಇಳಿದರು. ಅವರ ಸ್ವರಲಿಪಿಗಳ ಪೆಟ್ಟಿಗೆಯನ್ನು ಹೊತ್ತ ಹಡಗಿನ ನೌಕರನನ್ನೇ ಮದುವೆಯಾಗಿ ಇಲ್ಲೇ ಉಳಿದರು; ಮಿಸ್ ಟಾಲಿವರ್ ಎಂಬ ವೇದಿಕೆಯ ಹೆಸರನ್ನು ಮಾತ್ರ ಬಿಡಲಿಲ್ಲ. “ಭಾರ ಅಂತ ಒಂದ್ಸಲಾನೂ ಗೊಣಗಲಿಲ್ಲ ಆ ಮನುಷ್ಯ, ಅದಕ್ಕೇ ಒಪ್ಕೊಂಡೆ” ಎನ್ನುತ್ತಾರೆ. ಗಂಡ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಮಕ್ಕಳಿಲ್ಲ.

ನಾನು ಅವರನ್ನು ಹುಡುಕಿಕೊಂಡು ಹೋದವಳಲ್ಲ. ಓದಿನ ಜೊತೆಗೆ ಪಾರ್ಟ್ ಟೈಮ್ ಎಂದು ಸೇರಿದ ಹೋಮಿನ ಒಂಬತ್ತನೇ ರೂಮಿನಲ್ಲಿ ಅವರಿದ್ದರು, ಅಷ್ಟೆ. ಆದರೆ ನನ್ನ ಓದು ನಿಮಗೆ ಗೊತ್ತಲ್ಲ. ಮೈಸೂರಿನ ಫುಟ್‌ಪಾತಿನ ಹತ್ತು ರೂಪಾಯಿ ಪುಸ್ತಿಕೆಗಳಿಂದ ಶುರುವಾಗಿ ಡಬ್ಲಿನ್ನಿನ ಬೀದಿಯ ಶನಿವಾರದ ಹಳೆ ಪುಸ್ತಕದ ಮೇಜುಗಳವರೆಗೆ ಬಂದು ನಿಂತಿದೆ. “ಪಿನ್ ಹೊಡೆದಿದ್ದೆಲ್ಲ ಪುಸ್ತಕ ಆಗಲ್ಲಮ್ಮ” ಎಂದು ನೀವು ರೇಗಿಸುತ್ತೀರಿ. ಆ ಮೇಜೊಂದರ ಮೇಲೆ ೧೯೬೩ರ ಒಂದು ಕಿರುಹೊತ್ತಿಗೆ ಸಿಕ್ಕಿತು. ಅದರ ಹನ್ನೊಂದನೇ ಪುಟದಲ್ಲಿ ಮಿಸ್ ಟಾಲಿವರ್ ಫೋಟೋ. ೧೯೫೧ರಲ್ಲಿ ಜಾರ್ಜಿಯಾದ ಒಂದು ಪುರಭವನದಲ್ಲಿ ತನ್ನ ಜನರನ್ನು ಹಿಂದಿನ ಕಬ್ಬಿಣದ ಮೆಟ್ಟಿಲಿನಿಂದ ಗ್ಯಾಲರಿಗೆ ಹತ್ತಿಸಿ ಕೂರಿಸಿದ್ದನ್ನು ಕಂಡು, ಪಿಯಾನೋದ ಮುಚ್ಚಳ ಮುಚ್ಚಿಸಿ, ಒಂದು ಸ್ವರವನ್ನೂ ಹಾಡದೆ ಹೊರಟುಹೋದ ಗಾಯಕಿ ಎಂದು ಅದರಲ್ಲಿತ್ತು. ಆ ಪುಟ ನನಗೆ ಬಾಯಿಗೆ ಬರುತ್ತದೆ. ಸಭೆಗಳಲ್ಲಿ ಕುರ್ಚಿಯ ಮೇಲೆ ಹತ್ತಿ ಹೇಳಿದ್ದೇನೆ. ಅವರಿಗೇ ತೋರಿಸಿದಾಗ ಬಹಳ ಹೊತ್ತು ನೋಡಿ, “ಫೋಟೋ ಚೆನ್ನಾಗಿ ಬಂದಿದೆ” ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಎಂಥ ವಿನಯ ಎಂದುಕೊಂಡೆ.

ಇನ್ನು ಯುಗಾದಿಯ ದಿನ. ಮಾರ್ಚ್ ಇಪ್ಪತ್ತೈದು, ಬುಧವಾರ. ಹೊರಗಿನವರು ಬರುವುದು ಆಗಲೇ ನಿಂತಿತ್ತು, ಹೊರಗಿನ ತಿಂಡಿಯನ್ನು ಯಾರಿಗೂ ಕೊಡಕೂಡದು ಎಂದು ನೋಟೀಸು ಅಂಟಿಸಿದ್ದರು. ನಮಗಿನ್ನೂ ಮಾಸ್ಕ್ ಕೊಟ್ಟಿರಲಿಲ್ಲ. ಅಮ್ಮ ಕಟ್ಟಿಕೊಟ್ಟಿದ್ದ ಒಣಗಿದ ಬೇವಿನ ಹೂವಿಗೆ ಬೆಲ್ಲ ಕುಟ್ಟಿ ಬೆರೆಸಿ ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ಬೇವು ಬೆಲ್ಲವನ್ನು ಒಬ್ಬಳೇ ತಿಂದು ಸುಮ್ಮನಾಗುವುದು ನಮಗೆ ಗೊತ್ತಿಲ್ಲವಲ್ಲ. ಸ್ಟಾಫ್ ರೂಮಿನಲ್ಲಿ ರಜನಿಯ ಬಾಯಿಗೇ ಇಟ್ಟೆ. “ಥೂ ನಿನ್ನ! ಹಬ್ಬಾನೋ ಶಿಕ್ಷೇನೋ ಇದು? ಬೆಲ್ಲ ಮುಗ್ದೋಗಿತ್ತೇನೇ?” ಎಂದು ಅವಳು ಮುಖ ಕಿವುಚಿ ನೀರು ಕುಡಿದಳು. ನಾನೂ ತಿಂದೆ, ನನಗೆ ಕಹಿಯೂ ಇರಲಿಲ್ಲ, ಸಿಹಿಯೂ ಇರಲಿಲ್ಲ. ಚಿತ್ರದುರ್ಗದವಳು, ಎಲ್ಲದಕ್ಕೂ ನಾಟಕ ಮಾಡುತ್ತಾಳೆ ಎಂದುಕೊಂಡೆ. ಮೇಟ್ರನ್ ಶಿವಾನ್ ಅವರನ್ನು ‘ಶಿವಣ್ಣ’ ಎಂದು ಕರೆದು ನಮ್ಮನ್ನೆಲ್ಲ ನಗಿಸುವವಳು ಅವಳು. ಹೂವು ಹಳೆಯದು, ಸಾರ ಹೋಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಒಂಬತ್ತನೇ ರೂಮಿಗೆ ಹೋದೆ. ಅಲ್ಲಿ ಡಬ್ಬಿ ತೆರೆದು, ನಿಜಕ್ಕೂ ರುಚಿಯಿಲ್ಲವೇ ಎಂದು ನೋಡಲು ಬೆರಳಿಂದ ಒಂದಿಷ್ಟು ತೆಗೆದು ಚಪ್ಪರಿಸಿದೆ. ಅದೇ ಬೆರಳಿಂದ ಮಿಸ್ ಟಾಲಿವರ್ ಬಾಯಿಗೂ ಇಟ್ಟೆ. ಅಪ್ಪಾ, ಮಗುವಾಗಿದ್ದಾಗಿನಿಂದ ಅಮ್ಮ “ಎಂಜಲು ಕೈ, ತೊಳ್ಕೊಳ್ಳೇ” ಎಂದು ಹೇಳಿ ಹೇಳಿ ಸೋತಳು. ಎಂಜಲು ಗಿಂಜಲು ಎಲ್ಲ ಜಾತಿಯವರು ಮಾಡಿಟ್ಟ ಕಟ್ಟಳೆ ಎಂದು ಒಂದು ಪುಸ್ತಿಕೆ ಓದಿ, ಹದಿನೇಳನೇ ವಯಸ್ಸಿನಲ್ಲಿ ಹಟ ಹಿಡಿದು ಆ ಅಭ್ಯಾಸ ಬಿಟ್ಟವಳು ನಾನು. ಅಂದು ಆ ಮುದುಕಿಯ ಬಾಯಿಗೆ ಎಂಜಲು ಬೆರಳು ಇಡುವಾಗ ನನಗೆ ಒಂಥರಾ ಹೆಮ್ಮೆಯೇ ಆಗಿತ್ತು.

ಮಾರ್ಚ್ ಮೂವತ್ತೊಂದಕ್ಕೆ ಅವರಿಗೆ ಕೆಮ್ಮು ಬಂತು. ಏಪ್ರಿಲ್ ಎರಡಕ್ಕೆ ರಜನಿಗೆ ಜ್ವರ. ಆಮೇಲೆ ಒಂದೊಂದೇ ರೂಮಿನ ಬಾಗಿಲಿಗೆ ಕೆಂಪು ಕಾಗದ ಅಂಟುತ್ತಾ ಹೋಯಿತು. ನನಗೆ ಮೈಯೆಲ್ಲ ಉರಿಯುವಷ್ಟು ಕೋಪ, ಕೋಪ ಬಂದರೆ ನಾನು ಮಾಡುವುದು ಒಂದೇ. ನಾಲ್ಕನೇ ತಾರೀಖು ಕೂತು ಕರಪತ್ರ ಬರೆದೆ. ಸಿಬ್ಬಂದಿಗೆ ಸಾಕಾಗುವಷ್ಟು ಸಂಬಳ ಕೊಡದೆ, ಅವರು ಎರಡೆರಡು ಕಡೆ ದುಡಿಯುವಂತೆ ಮಾಡಿ, ಸೋಂಕನ್ನು ಹೋಮಿನಿಂದ ಹೋಮಿಗೆ ಹೊರಿಸುತ್ತಿರುವವರು ಮಾಲೀಕರು ಎಂದು ಬರೆದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಉದಾಹರಣೆ ಇಲ್ಲದಿದ್ದರೆ ಬರಹಕ್ಕೆ ಬಲ ಇರುವುದಿಲ್ಲ ಎಂದು, ‘ನಮ್ಮಲ್ಲೇ ಒಬ್ಬರು ಸೋಮವಾರ, ಮಂಗಳವಾರ ಬೇರೆ ಹೋಮಿನಲ್ಲಿ, ಬುಧವಾರದಿಂದ ಇಲ್ಲಿ, ಈಗ ಅವರಿಗೇ ಜ್ವರ’ ಎಂದು ಸೇರಿಸಿದೆ. ಹೆಸರು ಹಾಕಲಿಲ್ಲ. ಹೆಸರು ಹಾಕದಿದ್ದರೆ ನ್ಯಾಯ ಎಂದು ನಂಬಿದ್ದೆ. ಮೂವತ್ತು ಪ್ರತಿ ಮಾಡಿ ಸ್ಟಾಫ್ ರೂಮಿನಲ್ಲಿ, ಕಾರುಗಳ ಗಾಜಿನ ಮೇಲೆ ಎಲ್ಲ ಕಡೆ ಇಟ್ಟೆ. ಎರಡು ದಿನದಲ್ಲಿ ರಜನಿಗೆ ಪತ್ರ ಹೋಯಿತು: ಸಹೋದ್ಯೋಗಿಗಳಿಂದ ಬಂದ ಲಿಖಿತ ಮಾಹಿತಿಯ ಮೇರೆಗೆ ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬಾರದು. ಮಾಲೀಕರ ವಿರುದ್ಧ ಬರೆದ ಕಾಗದ ಮಾಲೀಕರಿಗೇ ಸಾಕ್ಷಿಯಾಯಿತು.

ಅವಳ ಸ್ಥಿತಿ ನಿಮಗೆ ಪೂರ್ತಿ ಗೊತ್ತಿಲ್ಲ. ಊರಿನಲ್ಲಿ ಎಂಟು ವರ್ಷ ನರ್ಸ್ ಆಗಿದ್ದವಳು ಇಲ್ಲಿ ನರ್ಸ್ ಎಂದು ನೋಂದಣಿಯಾಗಲು ಎರಡು ವರ್ಷದಿಂದ ಕಾಯುತ್ತಿದ್ದಾಳೆ. ಈ ವಿಚಾರಣೆಯಲ್ಲಿ ತಪ್ಪು ಅವಳದೆಂದಾದರೆ ಆ ಫೈಲು ಅಲ್ಲಿಗೇ ನಿಲ್ಲುತ್ತದೆ. ಸಿಟಿವೆಸ್ಟಿನ ಆ ಬಾಡಿಗೆ ಮನೆಯ ಸಣ್ಣ ರೂಮಿನಲ್ಲಿ ಹದಿನಾಲ್ಕು ದಿನ ಬಾಗಿಲು ಹಾಕಿಕೊಂಡಿದ್ದಳು. ಗಂಡ ವೆಂಕಟೇಶ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಕೆಲಸ, ಅನ್ನ ಎರಡನ್ನೂ ನೋಡಿಕೊಳ್ಳುತ್ತಿದ್ದ. ಫೋನ್ ಎತ್ತಿಕೊಂಡ ಮಗ ಧನುಷ್ ನನಗೆ ಹೇಳಿದ್ದು, “ಮ್ಯಾಮಿ ಈಸ್ ಇನ್ ದ ಬಾಕ್ಸ್ ರೂಮ್, ಶೀ ಈಸ್ ನಾಟ್ ಅಲೌಡ್ ಔಟ್.” ಕನ್ನಡದವರ ವಾಟ್ಸಾಪ್ ಗುಂಪು ನಿಮಗೂ ಬರುತ್ತದಲ್ಲ. ಎಲ್ಲರ ಮನೆಗೂ ಸಾಮಾನು ತಲುಪಿಸುತ್ತೇವೆ ಎಂದು ಹಾಕಿದ್ದವರು, “ರಜನಿಯೋರ ಮನೆ ಕಡೆ ಸದ್ಯಕ್ಕೆ ಯಾರೂ ಹೋಗ್ಬೇಡಿ, ಅವ್ರೇ ತಂದಿದ್ದಂತೆ” ಎಂದೂ ಹಾಕಿದರು. ಅದಕ್ಕೆ ಇಪ್ಪತ್ತೆರಡು ಜನ ಕೈಮುಗಿದ ಚಿತ್ರ ಒತ್ತಿದ್ದಾರೆ. ಅಪ್ಪಾ, ಅದರಲ್ಲಿ ನಿಮ್ಮದೂ ಒಂದು. ನೀವು ಓದದೆ ಒತ್ತಿರುತ್ತೀರಿ ಎಂದು ನಂಬುತ್ತೇನೆ. ರಜನಿ ನನಗೆ ಬೈಯಲಿಲ್ಲ. “ನೀನು ಒಳ್ಳೇದಕ್ಕೇ ಬರ್ದಿದ್ದೀಯ ಅಂತ ಗೊತ್ತೈತೆ ಬಿಡು. ಆದ್ರೂ ನನ್ನ ಒಂದ್ ಮಾತು ಕೇಳ್ಬೇಕಿತ್ತು ಕಣೇ” ಎಂದಳು, ಅಷ್ಟೆ. ಅದಕ್ಕಿಂತ ಬೈದಿದ್ದರೆ ವಾಸಿ.

ಈಸ್ಟರ್‌ನ ಹಿಂದಿನ ದಿನ, ಏಪ್ರಿಲ್ ಹನ್ನೊಂದಕ್ಕೆ, ಎರಡು ಸಂಗತಿ ಒಟ್ಟಿಗೆ ಬಂದವು. ಮೂಗಿಗೆ ವಾಸನೆ, ನಾಲಿಗೆಗೆ ರುಚಿ ಹೋಗುವುದೂ ಈ ರೋಗದ ಲಕ್ಷಣವಿರಬಹುದು ಎಂದು ಪತ್ರಿಕೆಯಲ್ಲಿ ಓದಿದೆ. ಅದೇ ಸಂಜೆ ಇಮೇಲ್ ಬಂತು: ಮಾರ್ಚ್ ಹದಿಮೂರರಂದು ಡಬ್ಲಿನ್ನಿನ ಪಬ್ಬೊಂದರ ಮಹಡಿಯಲ್ಲಿ ನಾವು ನಡೆಸಿದ ಕೇರ್ ಕೆಲಸಗಾರರ ಸಭೆಗೆ ಬಂದಿದ್ದ ಇಪ್ಪತ್ತೆರಡು ಜನರಲ್ಲಿ ಒಂಬತ್ತು ಮಂದಿಗೆ ಸೋಂಕು ತಗುಲಿದೆ. ಆ ಸಭೆಯಲ್ಲಿ ನನ್ನ ಪಕ್ಕ ಕೂತಿದ್ದವನು ಕೆಮ್ಮುತ್ತಲೇ ಇದ್ದ. ಆಮೇಲೆ ನನಗೆ ಎರಡು ದಿನ ತಲೆನೋವು, ಮೈಕೈ ನೋವು. ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಏಪ್ರಿಲ್ ಆರಕ್ಕೆ ಎಲ್ಲ ಸಿಬ್ಬಂದಿಯ ಮೂಗಿಗೂ ಕಡ್ಡಿ ಹಾಕಿ ಪರೀಕ್ಷಿಸುವ ಹೊತ್ತಿಗೆ ನನ್ನದು ನೆಗೆಟಿವ್. ಅಷ್ಟರಲ್ಲಿ ಬಂದು ಹೋಗಿತ್ತು ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ರಜನಿ ಹೋಗುತ್ತಿದ್ದ ಇನ್ನೊಂದು ಹೋಮಿಗೆ ಫೋನ್ ಮಾಡಿ ವಿಚಾರಿಸಿದೆ. ಅಲ್ಲಿ ಇಂದಿಗೂ ಒಂದು ಕೇಸೂ ಇಲ್ಲ.

ಗೊತ್ತಾದ ಮೇಲೂ ಆರು ದಿನ ಹೋಮಿನಲ್ಲಿ ಯಾರಿಗೂ ಹೇಳದೆ ಇದ್ದೆ. ಅಷ್ಟೂ ದಿನ ಕೆಲಸಕ್ಕೆ ಹೋದೆ, ಸಂಜೆ ಬೀದಿಯಲ್ಲಿ ಜನ ಬಾಗಿಲಿಗೆ ಬಂದು ಕೇರ್ ಕೆಲಸಗಾರರಿಗೆ ಚಪ್ಪಾಳೆ ತಟ್ಟಿದರೆ ತಲೆ ತಗ್ಗಿಸಿ ನಡೆದೆ. ಏನಾಗುತ್ತದೋ ಎಂಬ ಭಯ ಒಂದೇ ಆಗಿರಲಿಲ್ಲ. ಕೆಲಸ ಹೋಗಬಹುದು, ಕಾಲೇಜಿಗೆ ತಿಳಿಯಬಹುದು, ಡಾಕ್ಟರ್ ಸುಬ್ರಾಯರ ಮಗಳಂತೆ ಎಂದು ಆ ಗುಂಪಿನಲ್ಲಿ ನಿಮ್ಮ ಹೆಸರು ಬರಬಹುದು. ಅದೆಲ್ಲದರ ಅಡಿಯಲ್ಲಿ ಇನ್ನೊಂದಿತ್ತು. ಆ ನಾಲ್ಕು ಕಪ್ಪುಗಳು ನನ್ನವು ಎಂದು ನಾನು ಒಪ್ಪಿಕೊಂಡುಬಿಟ್ಟರೆ, ಆಮೇಲೆ ಬೆಳಿಗ್ಗೆ ಎದ್ದು ಹಲ್ಲುಜ್ಜುವುದು ಹೇಗೆ ಎಂಬ ಭಯ.

ಶುಕ್ರವಾರ ಮಿಸ್ ಟಾಲಿವರ್ ಅವರ ಮೈ ಒರೆಸಿ ಬಟ್ಟೆ ಬದಲಿಸುತ್ತಿದ್ದೆ. ಅವರಿಗೆ ಒಂದು ಅಭ್ಯಾಸವಿದೆ. ದಿನಾ ಬೆಳಿಗ್ಗೆ ಬಾಯಿ ಮುಚ್ಚಿ ಒಂದೇ ಸ್ವರ ಹಿಡಿಯುತ್ತಾರೆ, ಎಷ್ಟು ಸೆಕೆಂಡು ಎಂದು ನಾನು ಎಣಿಸಬೇಕು. ಜನವರಿಯಲ್ಲಿ ಹದಿನೆಂಟು ಇತ್ತು. ಕೆಮ್ಮು ಬಂದ ಮೇಲೆ ಹನ್ನೊಂದಾಯಿತು, ಎಂಟಾಯಿತು. ಶುಕ್ರವಾರ ಐದಕ್ಕೆ ನಿಂತಿತು. ಆ ಐದು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಹಬ್ಬ, ಬೆರಳು, ಸಭೆ, ಕರಪತ್ರ, ರಜನಿ. ಗಾಗಲ್ಸ್ ಒಳಗೆ ನೀರು ತುಂಬಿ ನನಗೇನೂ ಕಾಣುತ್ತಿರಲಿಲ್ಲ. ಅವರು ನನ್ನ ಕೈ ಹಿಡಿದು ಪರವಾಗಿಲ್ಲ ಮಗೂ ಎನ್ನುತ್ತಾರೆ ಎಂದು ಕಾದಿದ್ದೆ, ನಿಜ ಹೇಳುತ್ತೇನೆ. ಅವರು ಆಕ್ಸಿಜನ್ ನಳಿಕೆ ಸರಿ ಮಾಡಿಕೊಂಡು, “ಇದನ್ನೆಲ್ಲ ನನಗ್ಯಾಕೆ ಹೇಳ್ತಿದೀಯ? ಕೆಲಸ ಕಳ್ಕೊಂಡಿರೋದು ನಾನಲ್ಲವಲ್ಲ” ಎಂದರು.

ಆಮೇಲೆ, “ಕೂತ್ಕೋ. ನಿನ್ನ ಮುಖ ಕಾಣಿಸ್ತಿಲ್ಲ, ಒಳ್ಳೇದೇ ಆಯ್ತು” ಎಂದು ಅವರು ಹೇಳತೊಡಗಿದರು. ಒಂದು ವಾಕ್ಯ, ನಾಲ್ಕು ಉಸಿರು, ಇನ್ನೊಂದು ವಾಕ್ಯ. ೧೯೫೧ರ ಆ ಸಂಜೆ ಪಿಯಾನೋದ ಮುಚ್ಚಳ ಮುಚ್ಚಿದ್ದು ಅವರಲ್ಲ. ಅವರಿಗೆ ಪಿಯಾನೋ ನುಡಿಸುತ್ತಿದ್ದ ಹೋರೇಸ್ ಬೀಮನ್, ಅವರದೇ ಕಾಲೇಜಿನವನು, ಅವರದೇ ಬಣ್ಣದವನು. ಪರದೆಯ ಸಂದಿನಿಂದ ನೋಡಿ, ತನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬಳು ಆ ಕಬ್ಬಿಣದ ಮೆಟ್ಟಿಲನ್ನು ಕೈಯೂರಿ ಹತ್ತುವುದು ಕಂಡು, “ಇವತ್ತು ನಾನು ನುಡಿಸಲ್ಲ ಇಯೋಲಾ. ನೀನೂ ಹಾಡ್ಬೇಡ” ಎಂದನಂತೆ. ಆ ಸಭಿಕರಲ್ಲಿ ಯುರೋಪಿನ ಪ್ರವಾಸ ಏರ್ಪಡಿಸುವ ಮನುಷ್ಯನೊಬ್ಬ ಬಂದು ಕೂತಿದ್ದ. ಆಕೆ ಹಾಡಿದರು. ಊರ ಚರ್ಚಿನಲ್ಲಿ ಆರ್ಗನ್ ನುಡಿಸುವ ಬಿಳಿ ಹೆಂಗಸನ್ನು ಕರೆತಂದು ಪಿಯಾನೋ ಮುಂದೆ ಕೂರಿಸಿದರು. ಹದಿನಾಲ್ಕು ಹಾಡುಗಳನ್ನೂ ಹಾಡಿದರು. “ಅಷ್ಟು ಚೆನ್ನಾಗಿ ಯಾವತ್ತೂ ಹಾಡಿರಲಿಲ್ಲ, ಅದೇ ಇನ್ನೂ ಚುಚ್ಚೋದು” ಎಂದರು. ಪಿಯಾನೋದವನು ಯಾಕೆ ಬದಲಾದ ಎಂದು ಕೇಳಿದವರಿಗೆ ಸಂಘಟಕರು, ಅವನು ಕುಡಿದಿದ್ದ ಎಂದುಬಿಟ್ಟರು. ಹೋರೇಸ್ ಪಾದ್ರಿಯ ಮಗ, ತುಟಿಗೆ ಹನಿ ಸೋಕಿಸಿದವನಲ್ಲ. ಆಕೆ ಅಲ್ಲೇ ನಿಂತಿದ್ದರು, ಅಲ್ಲ ಎನ್ನಲಿಲ್ಲ. ಅಮೆರಿಕದ ಉತ್ತರ ರಾಜ್ಯಗಳ ಪತ್ರಿಕೆಗಳಿಗೆ ಮುಚ್ಚಳ ಮುಚ್ಚಿದ ಸುದ್ದಿ ಮಾತ್ರ ಅರ್ಧಂಬರ್ಧ ತಲುಪಿ, ಮುಚ್ಚಿದವರು ಗಾಯಕಿಯೇ ಎಂದಾಯಿತು. ನಿಜವೇ ಎಂದು ಕೇಳಲು ಬಂದ ವರದಿಗಾರನ ಮುಂದೆ ಆಕೆ ತಲೆ ತಗ್ಗಿಸಿದರು. ಅದನ್ನು ವಿನಯ ಎಂದು ಅವನು ಬರೆದುಕೊಂಡ. ಅಪ್ಪಾ, ಅದನ್ನೇ ನಾನೂ ಬರೆದುಕೊಂಡಿದ್ದೆ.

ಕುಡುಕ ಎಂಬ ಮಾತು ಅಂಟಿದ ಮೇಲೆ ಹೋರೇಸನಿಗೆ ಯಾರೂ ಕಛೇರಿ ಕೊಡಲಿಲ್ಲ. ಶಿಕಾಗೋದ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಾ ಬದುಕಿ ೧೯೭೮ರಲ್ಲಿ ತೀರಿಕೊಂಡ. ಪ್ರತಿ ಕ್ರಿಸ್‌ಮಸ್ಸಿಗೆ ಇವರಿಗೆ ಕಾರ್ಡ್ ಕಳಿಸುತ್ತಿದ್ದ, ಆ ಸಂಜೆಯ ಬಗ್ಗೆ ಒಂದಕ್ಷರ ಇಲ್ಲದೆ. ಅವನ ಮಗಳು ಇನ್ನೂ ಇದ್ದಾಳೆ, ಎಪ್ಪತ್ತರ ಮೇಲಾಗಿದೆ. “ಹೇಳ್ಬೇಕು ಹೇಳ್ಬೇಕು ಅಂತ ಅರವತ್ತೊಂಬತ್ತು ವರ್ಷ ಆಯ್ತು. ಅವನು ಹೋದ್ಮೇಲೆ ಇನ್ಯಾಕೆ ಅಂದ್ಕೊಂಡೆ. ನಿನ್ನ ಆ ರಜನಿ ಇನ್ನೂ ಬದುಕಿದಾಳಲ್ಲ” ಎಂದರು. ಆಮೇಲೆ ನನ್ನನ್ನು ಕೂರಿಸಿಕೊಂಡು, ಹೋರೇಸನ ಮಗಳಿಗೆ ಒಂದು ಪುಟ ಹೇಳಿ ಬರೆಸಿದರು. ಸಹಿ ಮಾಡಲು ಹನ್ನೆರಡು ನಿಮಿಷ ಹಿಡಿಯಿತು. ನಾನು ಸಹಾಯಕ್ಕೆ ಕೈ ಚಾಚಿದರೆ ತಳ್ಳಿದರು.

ನಿನ್ನೆ ಇಡೀ ದಿನ ನಾನು ನನ್ನ ಹೇಳಿಕೆ ಬರೆದೆ. ವಿಶೇಷಣ ಇಲ್ಲ, ಘೋಷಣೆ ಇಲ್ಲ. ಯಾವ ತಾರೀಖು ಏನಾಯಿತು, ಯಾವ ನೋಟೀಸನ್ನು ಮೀರಿ ಯಾರ ಬಾಯಿಗೆ ಏನಿಟ್ಟೆ, ಕರಪತ್ರದ ಯಾವ ಸಾಲು ವಿಚಾರಿಸದೆ ಬರೆದದ್ದು. ಈ ಬೆಳಿಗ್ಗೆ ಮೇಟ್ರನ್ ಶಿವಾನ್ ಕೈಗೆ ಕೊಟ್ಟೆ. ಅವರು ಕಾರಿಡಾರಿನಲ್ಲಿ ನಿಂತೇ ಓದಿ, ಕನ್ನಡಕ ತೆಗೆದು, ಮೂರು ವಾರದಿಂದ ಮನೆಗೆ ಹೋಗದ ಮುಖದಿಂದ ನನ್ನನ್ನು ನೋಡಿ, “ನೀನಿದನ್ನ ಕೊಟ್ಟೇ ಇಲ್ಲ, ನಾನು ನೋಡೇ ಇಲ್ಲ, ಆಗಬಹುದಾ ಮಾನ್ಯಾ?” ಎಂದರು. ಕರುಣೆಯಿಂದಲೇ ಕೇಳಿದರು. ಅಪ್ಪಾ, ಹೂಂ ಎನ್ನಲು ಬಾಯಿ ತೆರೆದಿದ್ದೆ. ಅಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ. ಆಮೇಲೆ, ತಲುಪಿದೆ ಎಂದು ತಾರೀಖು ಹಾಕಿ ಸಹಿ ಮಾಡಿಕೊಡಿ ಎಂದೆ. ಮಾಡಿಕೊಟ್ಟರು. ನಾಳೆಯಿಂದ ಬರಬೇಡ ಎಂದೂ ಹೇಳಿದರು. ಹೀಗಾಗಿ ಒಂಬತ್ತನೇ ರೂಮಿಗೆ ನಾನಿನ್ನು ಹೋಗುವಂತಿಲ್ಲ. ಹೊರಗಿನಿಂದ ಕಿಟಕಿಯ ಹತ್ತಿರ ನಿಂತು ನೋಡಿದೆ. ಪರದೆ ಎಳೆದಿತ್ತು. ಅವರು ಇನ್ನೂ ಇದ್ದಾರೆ ಎಂದಷ್ಟೇ ಗೊತ್ತು.

ನೀವು ಹೇಳಿದ್ದು ಸರಿಯಿರಬಹುದು, ಯಾರೂ ಪ್ರೂವ್ ಮಾಡಲಾರರು. ವೈರಸ್ಸು ಯಾರ ಕೈಯಿಂದ ಯಾರಿಗೆ ಹೋಯಿತು ಎಂದು ಯಾವ ಪ್ರಯೋಗಾಲಯವೂ ಹೇಳದಿರಬಹುದು. ಆದರೆ ರಜನಿಯ ಮೇಲೂ ಯಾರೂ ಏನನ್ನೂ ಪ್ರೂವ್ ಮಾಡಿಲ್ಲವಲ್ಲ. ಅವಳಿಗೆ ಬೇಡವಾದ ಪುರಾವೆ ನನಗೆ ಮಾತ್ರ ಯಾಕೆ ಬೇಕು? ನಿಮ್ಮ ಮೇಲೆ ಕೋಪದಿಂದ ಕೇಳುತ್ತಿಲ್ಲ. ನೀವು ನನ್ನನ್ನು ಉಳಿಸಲು ನೋಡಿದಿರಿ. ಆ ಸಂಘಟಕರೂ ಮಿಸ್ ಟಾಲಿವರ್ ಅವರನ್ನು ಉಳಿಸಲೆಂದೇ ಹಾಗೆ ಹೇಳಿದ್ದರಂತೆ.

ಬೇರೆ ಏನು ಬರೆಯಲಿ? ರೂಮಿನಲ್ಲಿ ಅಕ್ಕಿ, ಬೇಳೆ ಇದೆ. ರುಚಿ ಮರಳಿ ಬಂದಿದೆ, ನಿನ್ನೆ ಉಪ್ಪಿನಕಾಯಿ ಖಾರ ಎನ್ನಿಸಿತು. ನೀವು ಊಟ ಬಿಡಬೇಡಿ, ನಿಂತುಕೊಂಡೇ ಚಹಾ ಕುಡಿಯಬೇಡಿ. ಎರಡು ಕಿಲೋಮೀಟರಿನ ಗೆರೆ ಎಂದು ಅಳಿಸುತ್ತದೋ ಅಂದೇ ಸ್ಲೈಗೋಗೆ ಬಂದು ಎದುರಿಗೆ ಕೂರುತ್ತೇನೆ, ಆಗ ಬೇಕಾದಷ್ಟು ಬೈಯಿರಿ. ಅಲ್ಲಿಯವರೆಗೆ ಇಲ್ಲಿಂದಲೇ ನಿಮ್ಮ ಕಾಲಿಗೆ ನಮಸ್ಕಾರ.

ನಿಮ್ಮ ಮಗಳು,
ಮಾನ್ಯಾ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು, ಇದನ್ನೇ ಮೊದಲು ಬರೆಯಬೇಕಿತ್ತು. ರಜನಿಯ ವಿಚಾರಣೆ ಈ ಶುಕ್ರವಾರ ಹನ್ನೊಂದು ಗಂಟೆಗೆ, ಕಂಪ್ಯೂಟರಿನಲ್ಲಿ. ಜೊತೆಗೆ ಒಬ್ಬರನ್ನು ಕೂರಿಸಿಕೊಳ್ಳಬಹುದು ಎಂದು ಅವಳ ಪತ್ರದಲ್ಲಿದೆ. ವೆಂಕಟೇಶ ಬೇಗ ಸಿಟ್ಟಿಗೇಳುತ್ತಾನೆ, ಅವನು ಬೇಡ. ಹೇಳಿಕೆ ಕೊಟ್ಟದ್ದನ್ನು ತಿಳಿಸಲು ಅವಳಿಗೆ ಫೋನ್ ಮಾಡಿದಾಗ, “ಡಾಕ್ಟ್ರನ್ನ ಕೇಳ್ಬೋದಿತ್ತು, ಆದ್ರೆ ಅವ್ರು ನಿಮ್ಮಪ್ಪ ಅಲ್ವಾ” ಎಂದು ಅವಳು ಅಷ್ಟಕ್ಕೇ ನಿಲ್ಲಿಸಿದಳು. ಅಪ್ಪಾ, ನೀವು ಕೂರಬೇಕು, ಅವಳ ಕಡೆ. ನಾನು ಎದುರು ಕಡೆ ಇರುತ್ತೇನೆ, ನನ್ನನ್ನು ಕರೆಸುತ್ತಾರೆ. ಯಾವ ದಿನ ತಲೆನೋವು ಬಂತು, ಯಾಕೆ ಹೇಳಲಿಲ್ಲ, ಯಾರನ್ನು ಕೇಳಿ ಆ ಸಾಲು ಬರೆದೆ, ಇದನ್ನೆಲ್ಲ ಅವಳ ಪರವಾಗಿ ನೀವೇ ನನ್ನನ್ನು ಕೇಳಬೇಕು. ಮೆತ್ತಗೆ ಕೇಳಬೇಡಿ.